ಆಮೀನ್ ಹೇಳಪ್ಪಾ

ನಮ್ಮಬ್ಬಾ ದಿನಾ ಬೆಳಿಗ್ಗೆ ನನಗೆ ಶಾಪ ಹಾಕ್ತಾರೆ. ಅದೂ ನಾನೇ ಸ್ನಾನ ಮಾಡಿಸಿ, ಮೈ ಒರೆಸಿ, ಬನಿಯನ್ ತೊಡಿಸಿದ ಮೇಲೆ. ಹಾಕಿದ್ರೆ ಹಾಕ್ಕೊಳ್ಳಲಿ ಅನ್ನಬಹುದಿತ್ತು. ಅದಕ್ಕೆ ಆಮೀನ್ ಅನ್ನಬೇಕಾದವನೂ ನಾನೇ!

ಮರೆವು ಹತ್ತಿದಾಗ ಅಬ್ಬಾ ಮೊದಲು ಬೀದಿ ಮರೆತರು, ಆಮೇಲೆ ಬಚ್ಚಲು, ಕೊನೆಗೆ ನನ್ನ ಮುಖ. ಮಗ ಒಬ್ಬನಿದ್ದಾನೆ ಅನ್ನೋದನ್ನ ಮಾತ್ರ ಮರೀಲಿಲ್ಲ. ಅವರ ಪಾಲಿಗೆ ನಾನು ನೋಡಿಕೊಳ್ಳೋಕೆ ಬಂದ ಯಾರೋ ಆಳು.

"ಯಾವ ತಾಯಿ ಹೆತ್ತ ಮಗನೋ ನೀನು," ಅಂತ ಎರಡೂ ಕೈ ಎತ್ತುತ್ತಾರೆ. "ಯಾ ಅಲ್ಲಾಹ್, ಈ ಹುಡುಗನಿಗೆ ಬರ್ಕತ್ ಕೊಡು." ನಾನು ಆಮೀನ್ ಅಂತೀನಿ. ಎತ್ತಿದ ಕೈ ಇಳಿಯಲ್ಲ. "ನನ್ನ ಮಗ ಒಂದು ದಿನವೂ ಬಂದು ನೋಡಲಿಲ್ಲ. ಅವನನ್ನ ನಾನು ಕ್ಷಮಿಸಲ್ಲ, ನೀನೂ ಕ್ಷಮಿಸಬೇಡ, ಯಾ ಅಲ್ಲಾಹ್."

ಹಿರಿಯರು ದುವಾ ಮಾಡಿದ್ರೆ ಪಕ್ಕದಲ್ಲಿದ್ದವರು ಆಮೀನ್ ಅನ್ನಬೇಕು, ನಮ್ಮ ಮನೇಲಿ ಮೊದಲಿಂದ ಹಾಗೇ. ನಾನು ಸುಮ್ಮನಿದ್ರೆ ಆ ಕೈಗಳು ಮೇಲೇ ನಡುಗ್ತಾ ನಿಲ್ಲುತ್ತವೆ. "ಆಮೀನ್ ಹೇಳಪ್ಪಾ," ಅಂತಾರೆ. ಹೇಳ್ತೀನಿ. ಇನ್ನೇನು ಮಾಡಲಿ?

"ನಿಮಗೆ ನೀವೇ ಶಾಪ ಹಾಕ್ಕೊಳ್ತೀರಲ್ರೀ!" ಅಂತ ನನ್ನ ಹೆಂಡತಿ ಹಣೆ ಚಚ್ಚಿಕೊಳ್ತಾಳೆ. "ಬಾಯೊಳಗೇ ಏನಾದ್ರೂ ಗೊಣಗಿಬಿಡಿ, ಅವರಿಗೆಲ್ಲಿ ಕೇಳುತ್ತೆ?" ಅದನ್ನೂ ಮಾಡಿ ನೋಡಿದೆ. ಊಟಕ್ಕೆ ಕೂಗಿದ್ರೆ ಕೇಳದ ಕಿವಿಗೆ ಇದೊಂದು ಚೆನ್ನಾಗಿ ಕೇಳುತ್ತೆ.

ನಾನು ಫ್ರಿಜ್ ರಿಪೇರಿಯವನು. ಮಧ್ಯಾಹ್ನ ಅಂಗಡಿ ಶಟರ್ ಎಳೆದು, ಅವರ ಹಾಸಿಗೆ ಬದಲಾಯಿಸೋಕೆ ಮನೆಗೆ ಓಡ್ತೀನಿ. ಗಿರಾಕಿಗಳು ಬೈತಾರೆ, ಬೈಸ್ಕೊಳ್ತೀನಿ. ಹೆತ್ತವರಿಗೆ ಬೇಸರದಿಂದ 'ಉಫ್' ಅಂತಲೂ ಅನ್ನಬಾರದು ಅಂತ ನಮ್ಮ ಧರ್ಮದಲ್ಲಿ ಹೇಳಿದೆ, ಆ ಉಫ್ ನುಂಗಿ ನುಂಗಿ ನನ್ನ ಗಂಟಲೇ ಕಟ್ಟಿಹೋಗಿದೆ. ಆದರೆ ತಂದೆ ಮೆಚ್ಚಿದರೆ ದೇವರು ಮೆಚ್ಚುತ್ತಾನೆ ಅಂತಲೂ ಹೇಳಿದೆಯಲ್ಲ. ನನ್ನ ತಂದೆ ನನ್ನನ್ನ ಮೆಚ್ಚದೇ ಹೋದರೆ? ಹೆದರಿಕೆ ಆಗುತ್ತೆ ನನಗೆ.

ಮಸೀದಿಯ ಹಜರತ್ತರನ್ನ ಕೇಳಿದೆ. "ಬುದ್ಧಿ ಸ್ವಾಧೀನದಲ್ಲಿಲ್ಲದವರ ಮಾತು ಅಲ್ಲಾಹನ ಹತ್ತಿರ ಲೆಕ್ಕಕ್ಕಿಲ್ಲ ಮಗಾ," ಅಂದರು.

"ಹಾಗಾದ್ರೆ ಬರ್ಕತ್ ಕೊಡು ಅಂತಾರಲ್ಲ, ಅದೂ ಲೆಕ್ಕಕ್ಕಿಲ್ವಾ?"

ಅವರು ಗಡ್ಡ ನೀವಿಕೊಂಡು, ಅಲ್ಲಾಹ್ ದಯಾಮಯ ಅಂದರು. ಸರಿ, ಶಾಪ ತಟ್ಟಲ್ಲವಲ್ಲ, ಅಷ್ಟು ಸಾಕು ಅಂದ್ಕೊಂಡೆ. ಆದರೂ ಆಸೆ ಬಿಡಬೇಕಲ್ಲ! ಒಂದೇ ಒಂದು ಸಲ ಅಬ್ಬಾ ನನ್ನ ಗುರುತು ಹಿಡಿಯಲಿ, ನನ್ನ ಮಗ ಅಂತ ತಿಳಿದು ಕೈ ಎತ್ತಲಿ.

ನಿನ್ನೆ ಮಧ್ಯಾಹ್ನ ಗುರುತು ಹಿಡಿದರು.

"ಏನೋ ಮೊಂಡ," ಅಂದರು. ಚಿಕ್ಕಂದಿನಲ್ಲಿ ನನ್ನನ್ನ ಕರೀತಿದ್ದದ್ದು ಹಾಗೆ. ನನ್ನ ಕಣ್ಣು ತುಂಬಿಬಂತು. ಅಂಗಡಿ ಹೇಗಿದೆ ಅಂದರು, ನಿಮ್ಮಮ್ಮ ಹೋದ ಮೇಲೆ ಮನೆ ಮನೆಯಾಗಿಲ್ಲ ಅಂದರು. ಎಲ್ಲ ನೆಟ್ಟಗಿತ್ತು. ಆಮೇಲೆ ನನ್ನನ್ನ ಮೇಲಿಂದ ಕೆಳಗೆ ನೋಡಿದರು. "ಈಗ ಬಂದ್ಯಾ? ಇಷ್ಟು ದಿನ ಎಲ್ಲಿ ಸತ್ತಿದ್ದೆ?"

"ಅಬ್ಬಾ, ನಾನು ಇಲ್ಲೇ ಇದ್ದೆ. ಸ್ನಾನ ಮಾಡಿಸಿದ್ದು, ತುತ್ತು ಕೊಟ್ಟಿದ್ದು, ಎಲ್ಲ ನಾನೇ ಅಬ್ಬಾ."

"ಸುಳ್ಳು ಬೊಗಳಬೇಡ! ಅದೆಲ್ಲ ಆ ಹುಡುಗ ಮಾಡಿದ್ದು. ಅವನ ಪುಣ್ಯಕ್ಕೂ ಕೈ ಹಾಕ್ತೀಯಾ? ನನಗೆ ಬುದ್ಧಿ ನೆಟ್ಟಗಿದೆ, ಕೇಳಿಸ್ಕೋ. ನಿನ್ನನ್ನ ನಾನು ಕ್ಷಮಿಸಲ್ಲ."

ನೀರು ಹಿಡಿದೆ. ನಿನ್ನ ಕೈಯ ನೀರು ಬೇಡ ಅಂತ ಗೋಡೆ ಕಡೆ ತಿರುಗಿದರು. ತುಟಿ ಒಣಗಿತ್ತು, ಬೆಳಗಿಂದ ಏನೂ ಕುಡಿದಿರಲಿಲ್ಲ. ಅಡುಗೆಮನೆಗೆ ಹೋಗಿ ಮುಖ ತೊಳೆದುಕೊಂಡೆ. ಹೆಂಡತಿ ಸೆರಗು ಕಚ್ಚಿಕೊಂಡು ನಿಂತಿದ್ದಳು. ಸ್ವಲ್ಪ ಹೊತ್ತು ಬಿಟ್ಟು, ಈಗಷ್ಟೇ ಬಂದವನ ಹಾಗೆ ಸಲಾಂ ಹೇಳಿ ಒಳಗೆ ಹೋದೆ.

ಅವರ ಮುಖ ಅರಳಿತು. ಅದೇ ನೀರು ಕೊಟ್ಟೆ, ಗಟಗಟ ಕುಡಿದರು.

"ನನ್ನ ಮಗ ಬಂದಿದ್ದ ಕಣಪ್ಪಾ," ಅಂತ ನನ್ನ ಕೈ ಹಿಡಿದುಕೊಂಡರು. "ನಿನ್ನ ದಮ್ಮಯ್ಯ, ಇನ್ನೊಂದು ಸಲ ಅವನನ್ನ ಒಳಗೆ ಬಿಡಬೇಡ."

"ಬಿಡಲ್ಲ ಯಜಮಾನ್ರೇ," ಅಂದೆ.