ಕರ್ನೆಲ್ ಅಂದರೆ ಕಾಳು

ರೊಟ್ಟಿಗೆ ನೀರು ಸವರುತ್ತಿದ್ದ ಮಹಮೂದಾಳ ಕೈ ನಿಂತಿತು. ಬಾಗಿಲಲ್ಲಿ ಬೀಜದ ಕಂಪನಿಯ ಜವಾನ ಗೋಣೆಪ್ಪ.

"ಬಾಯಾರ, ಸರ್ವರ್ ಮತ್ತ ಹಟಾ ಹಿಡದೈತ್ರಿ. ಬೀಜದ ಚೀಟಿ ಬರವಲ್ಲವು. ಬ್ಯಾಡಗಿಗೆ ಹೋಗೋ ಲಾರಿ ಅಂಗಳದಾಗ ನಿಂತಾವ."

ಮಹಮೂದಾ ಅರೆಬೆಂದ ರೊಟ್ಟಿಯನ್ನು ಕೆಳಗಿಳಿಸಿದಳು. ಶಾಲೆಗೆ ರಜೆ. ಆರು ವರ್ಷದ ಮಗಳು ಸುಗರಾಳನ್ನೂ ಕರೆದುಕೊಂಡೇ ಹೊರಟಳು.

ಅದೇ ಕಂಪನಿಯ ಟೈಪಿಸ್ಟ್ ಅವಳು; ಯಂತ್ರದ ಕೈಪಿಡಿ ಓದಿ ತೊಂದರೆ ಏನೆಂದು ತಿಳಿದಿದ್ದಳು. ಎಂಟು ಟೇಬಲ್ಲುಗಳ ಫೈಲುಗಳೆಲ್ಲ ಇದ್ದದ್ದು ಒಂದೇ ಯಂತ್ರದಲ್ಲಿ. ಒಮ್ಮೆಗೆ ಇಷ್ಟೇ ಫೈಲು ತೆರೆದಿರಬಹುದೆಂದು ಅದರ ಕರ್ನೆಲ್‌ನಲ್ಲಿ, ಎಲ್ಲವನ್ನೂ ನಡೆಸುವ ಆ ತಿರುಳಿನಲ್ಲಿ, ಯಾರೋ ಎಂದೋ ಮಿತಿ ಹಾಕಿಟ್ಟಿದ್ದರು. ಅದನ್ನು ಏರಿಸಿ ಕರ್ನೆಲನ್ನು ಹೊಸದಾಗಿ ಕಟ್ಟಬೇಕು. ಮೂರು ವಾರದಿಂದ ಹೇಳುತ್ತಿದ್ದಳು.

ಕಚೇರಿ ತಲುಪಿ ಮತ್ತೆ ಅದನ್ನೇ ಹೇಳಿದಾಗ ಮ್ಯಾನೇಜರ್ ಪರಮೇಶಪ್ಪ ನಕ್ಕರು. "ಇಂಗ್ಲಿಷಿನಾಗ ಕರ್ನೆಲ್ ಅಂದ್ರ ಕಾಳಲ್ರಿ ಬೇಗಂ ಅವರ? ಕಾಳಿನ ಉಸಾಬರಿ ನಮಗ ಬಿಡ್ರಿ. ನೀವು ಟೈಪಿಸ್ಟ್. ಹುಬ್ಬಳ್ಳಿ ಎಂಜಿನಿಯರ್ ಬರ್ತಾರ."

"ಯಾವಾಗ್ರಿ?"

"ಸೋಮವಾರ."

"ಇವತ್ತು ಮಂಗಳವಾರ್ರಿ."

ಹೊರಗೆ ಲಾರಿಯವ ಹಾರನ್ ಒತ್ತಿ ಹಿಡಿದ. ಪರಮೇಶಪ್ಪ ಕಿಟಕಿಯ ಕಡೆ ತಿರುಗಿದರು. "ಮಾಡ್ರಿ. ಕೆಟ್ಟರ ನಾ ಹೇಳಿಲ್ಲ."

ಹಳೆಯ ಕರ್ನೆಲನ್ನು ಬೇರೆ ಹೆಸರಲ್ಲಿ ಉಳಿಸಿಟ್ಟಳು. ಇನ್ನೂರಿದ್ದ ಮಿತಿಯನ್ನು ಆರುನೂರು ಮಾಡಿ ಹೊಸದನ್ನು ಕಟ್ಟಿದಳು. ಅದಕ್ಕೂ ಹೆಚ್ಚಾದರೆ ಮೆಮೊರಿ ಸಾಲದು. ಯಂತ್ರ ಆರಿಸಿ ಹಚ್ಚಿದಳು. ಪರದೆ ಕಪ್ಪಾಯಿತು. ಏಳದಿದ್ದರೆ ನೌಕರಿ ಇಲ್ಲ.

ಎದ್ದಿತು. ಎಂಟೂ ಟೇಬಲ್ಲಿನಲ್ಲಿ ಫೈಲು ತೆರೆದವು. ಯಾರೂ ತಲೆ ಎತ್ತಲಿಲ್ಲ. ಲಾರಿಗಳು ಹೋದವು.

ಪರಮೇಶಪ್ಪ ದುರಸ್ತಿ ವಹಿ ತಂದಿಟ್ಟರು. "ಎಂಜಿನಿಯರ್ ಫೋನಿನಾಗ ಹೇಳಿದ್ರು, ಹಂಗ ಮಾಡೀವಿ ಅಂತ ಬರೀರಿ. ಕೆಳಗ ಅವರ ಹೆಸರ ಹಾಕ್ರಿ. ಟೈಪಿಸ್ಟ್ ಕೈ ಹಚ್ಯಾಳಂದ್ರ ಧಣ್ಯಾರು ಬಯ್ತಾರ."

"ಅವರು ಫೋನ್ ಎತ್ತಲೇ ಇಲ್ಲಲ್ರಿ."

"ನಿಮ್ಮ ಅಕ್ಷರ ಛಲೋ ಅದಾವ. ಬರೀರಿ."

ಸುಗರಾ ತಾಯಿಯ ಮಗ್ಗುಲಿಗೆ ಬಂದು ವಹಿಯೊಳಗೆ ಇಣುಕಿದಳು.

ವಹಿಯನ್ನು ಅವರ ಮುಖಕ್ಕೆ ಎಸೆಯಬೇಕು ಅನ್ನಿಸಿತು ಮಹಮೂದಾಳಿಗೆ. ಕೈ ಮಾತ್ರ ದುಂಡಗೆ, ಅವಳು ನೋಡಿಯೇ ಇರದ ಮನುಷ್ಯನ ಹೆಸರು ಬರೆಯಿತು. ಕೊನೆಯ ಚುಕ್ಕೆಗೆ ಕಾಗದ ತೂತಾಯಿತು.

ಎದುರಿನ ಪರದೆಯಲ್ಲಿ ಹಸಿರು ಗೀಟೊಂದು ಮಿನುಗುತ್ತ, ಬಂದವರು ಯಾರೆಂದು ಹೆಸರು ಕೇಳುತ್ತಿತ್ತು. ಮುಂದೆಲ್ಲ ಖಾಲಿ.

ಸುಗರಾ ವಹಿಯ ಮೇಲೆ ಬೆರಳಿಟ್ಟು, ಈ ವರ್ಷವಷ್ಟೇ ಕಲಿತ ಅಕ್ಷರಗಳನ್ನು ಒಂದೊಂದಾಗಿ ಕೂಡಿಸಿದಳು. ಆಮೇಲೆ ಕೋಣೆಗೆಲ್ಲ ಕೇಳುವಂತೆ ಕೇಳಿದಳು:

"ಅಮ್ಮಿ, ನಿನ್ನ ಹೆಸರ ಬರಿಯಾಕ ನಿನಗ ಬರೂದಿಲ್ಲೇನ?"