ಲೈನಿನಲ್ಲಿ ಯಾರೋ ಇದ್ದರು

ಇಪ್ಪತ್ತೆರಡು ವರ್ಷ ಟೆಲಿಫೋನ್ ಕಂಬ ಹತ್ತಿ ಇಳಿದವನು ನಾನು. ನನ್ನ ಲೈನಿನಲ್ಲಿ ತಪ್ಪಿದೆ ಎಂದು ಯಾರಾದರೂ ಅಂದರೆ ಮೈ ಉರಿಯುತ್ತದೆ. ಒಂದು ಮನೆಯವರು ಒಂದೇ ತಿಂಗಳಲ್ಲಿ ಎರಡು ಸಲ ಹಾಗಂದಿದ್ದರು. ಎರಡು ಸಲವೂ ಹೋಗಿ ನೋಡಿದ್ದೆ, ಲೈನಿಗೆ ಏನೂ ಆಗಿರಲಿಲ್ಲ. ಮೂರನೆಯ ಸಲ ಕರೆದಾಗ ಬೈಯಲೆಂದೇ ಹೋದೆ.

ಬಾಗಿಲು ತೆಗೆದವಳು ಆ ಮನೆಯ ಮಗಳು. ಬಲಗಾಲಿಗೆ ತೊಡೆಯವರೆಗೆ ಪ್ಲಾಸ್ಟರ್, ಕಂಕುಳಲ್ಲಿ ಊರುಗೋಲು.

"ಅಣ್ಣಾ, ಹನ್ನೊಂದಕ್ಕೆ ಕೋರ್ಟು," ಎಂದಳು. "ಈ ಕಾಲಿಟ್ಕೊಂಡು ಅಷ್ಟು ದೂರ ಹೋಗೋಕಾಗಲ್ಲ ಅಂತ ಕಂಪ್ಯೂಟರಲ್ಲೇ ವಿಚಾರಣೆ ಇಟ್ಟಿದ್ದಾರೆ. ಎರಡು ಸಲ ಮಧ್ಯದಲ್ಲೇ ಕಟ್ಟಾಯ್ತು. ಇವತ್ತೂ ಕಟ್ಟಾದ್ರೆ ನಾನಿಲ್ಲದೇ ತೀರ್ಪು ಕೊಡ್ತಾರಂತೆ. ನನ್ನ ಮಗಳು ಅವರಪ್ಪನ ಹತ್ರಾನೇ ಉಳಿದುಬಿಡ್ತಾಳೆ."

ಬೈಯುವುದನ್ನು ಬಿಟ್ಟು ಸಲಕರಣೆಯ ಚೀಲ ಕೆಳಗಿಟ್ಟೆ. ಏಳು ವರ್ಷದ ಮಗು. ಎಂಟು ತಿಂಗಳಿಂದ ಅದರ ದನಿಯನ್ನೂ ಕೇಳಿಲ್ಲವಂತೆ, ಗಂಡ ಫೋನು ಕೊಡುವುದಿಲ್ಲವಂತೆ. ಮೊಬೈಲಿನಲ್ಲಿ ಮಾಡೋಣವೆಂದರೆ ಆ ಓಣಿಯಲ್ಲಿ ಸಿಗ್ನಲ್ಲಿಗೆ ತಾರಸಿ ಹತ್ತಬೇಕು. ಈ ಕಾಲಿನಲ್ಲಿ ಎಲ್ಲಿ ಹತ್ತುತ್ತಾಳೆ?

ಅವಳ ಅಪ್ಪ, ನಿವೃತ್ತ ಡ್ರಾಯಿಂಗ್ ಮೇಷ್ಟ್ರು, ಗೋಡೆಗೆ ಒರಗಿ ನಿಂತಿದ್ದರು. ಅಪ್ಪ ಮಗಳ ನಡುವೆ ಮಾತುಕತೆ ಇದ್ದಂತಿರಲಿಲ್ಲ.

"ಮಾತಾಡೋದೂ ಈ ಕಂಪ್ಯೂಟರಿಂದೂ ಒಂದೇ ತಂತೀಲಿ ತಾನೇ ಬರೋದು?" ಎಂದು ನನ್ನನ್ನು ಕೇಳಿದರು. ಹೋದ ಸಲವೂ ಇದನ್ನೇ ಕೇಳಿದ್ದರು.

"ಹೂಂ ಮೇಷ್ಟ್ರೇ, ಎಲ್ಲಾ ಒಂದೇ ತಂತಿ," ಎಂದೆ. ಅವಸರದಲ್ಲಿದ್ದವನಿಗೆ ಪಾಠ ಮಾಡುವ ತಾಳ್ಮೆ ಎಲ್ಲಿಂದ ಬರಬೇಕು?

ತಂತಿ ಒಂದೇ, ಆದರೆ ದಾರಿ ಎರಡು. ಮಾತು ಕೆಳಗಿನ ದಾರಿ ಹಿಡಿಯುತ್ತದೆ, ಇಂಟರ್ನೆಟ್ಟು ಮೇಲಿನದು. ಅವೆರಡೂ ಡಿಕ್ಕಿ ಹೊಡೆಯದಂತೆ ಮನೆಯ ಪ್ರತಿ ಫೋನಿಗೂ ಬೆಂಕಿಪೊಟ್ಟಣದಷ್ಟು ದೊಡ್ಡ ಫಿಲ್ಟರ್ ಹಾಕಬೇಕು. ಹಾಕದ ಫೋನೊಂದನ್ನು ಎತ್ತಿದರೆ ಸಾಕು, ಇಂಟರ್ನೆಟ್ಟು ಬಿದ್ದುಹೋಗಬಹುದು. ಆ ಮನೆಯಲ್ಲಿ ನನಗೆ ಕಂಡದ್ದು ಎರಡು ಫೋನು, ಹಜಾರದಲ್ಲೊಂದು, ಅಡುಗೆಮನೆಯಲ್ಲೊಂದು. ಎರಡಕ್ಕೂ ಹೊಸ ಫಿಲ್ಟರ್ ಹಾಕಿದೆ. ಮೋಡೆಮ್ಮಿನ ಹಸಿರು ದೀಪ ಮಿಟುಕದೆ ನಿಂತಿತು.

"ಇನ್ನು ಅಲ್ಲಾಡಲ್ಲಮ್ಮ, ನಾನು ಗ್ಯಾರಂಟಿ," ಎಂದು ಜಂಭ ಕೊಚ್ಚಿದೆ. ಮುಗಿಯುವವರೆಗೆ ಇರಿ ಎಂದಳು, ಇದ್ದೆ.

ಹನ್ನೊಂದಕ್ಕೆ ನ್ಯಾಯಾಧೀಶರ ಮುಖ ಬಂತು. ವಕೀಲರು ಮಾತಾಡಿದರು. ಹನ್ನೊಂದೂಕಾಲಿಗೆ ನ್ಯಾಯಾಧೀಶರು "ಮಗುವನ್ನು ಕರೆಯಿರಿ" ಎಂದರು. ಮೇಷ್ಟ್ರು ಗೋಡೆ ಬಿಟ್ಟು ಒಳಗೆ ಹೋದರು. ಪರದೆಯಲ್ಲಿ ಎರಡು ಜಡೆ ಕಂಡವೋ ಇಲ್ಲವೋ, ಎಲ್ಲ ಸ್ತಬ್ಧವಾಯಿತು. ಹಸಿರು ದೀಪ ಆರಿತ್ತು.

"ಅಯ್ಯೋ ಅಣ್ಣಾ, ಹೋಯ್ತು!"

ಜಗಲಿಗೆ ಓಡಿ ಲೈನಿನ ಡಬ್ಬಿ ತೆರೆದು ನನ್ನ ಟೆಸ್ಟ್ ಫೋನು ಸಿಕ್ಕಿಸಿದೆ. ಡಯಲ್ ಟೋನ್ ಬರಬೇಕಿತ್ತು. ಬರಲಿಲ್ಲ. ಯಾರೋ ಉಸಿರಾಡುತ್ತಿದ್ದರು.

ಡಬ್ಬಿಯಿಂದ ಮೂರನೆಯ ತಂತಿಯೊಂದು ಹೊರಟಿತ್ತು. ಗೋಡೆಯ ಬಣ್ಣದಲ್ಲೇ ಮುಚ್ಚಿಹೋಗಿದ್ದ ಅದನ್ನು ಎರಡು ಸಲ ಬಂದರೂ ನಾನು ನೋಡಿರಲಿಲ್ಲ. ಅದರ ಹಿಂದೆಯೇ ಹೋಗಿ ಹಿತ್ತಲ ಕೋಣೆಗೆ ನುಗ್ಗಿದೆ. ಮೇಷ್ಟ್ರು ಮಂಚದ ಮೇಲೆ ಕೂತಿದ್ದರು. ತೊಡೆಯ ಮೇಲೆ ಹಳೇ ಕಾಲದ ಕಪ್ಪು ಫೋನು, ಕಿವಿಗೆ ರಿಸೀವರ್.

"ನಿಮಗೇನು ಬುದ್ಧಿಗಿದ್ದಿ ಇದೆಯಾ? ಮೂರು ಸಲವೂ ಕಟ್ ಮಾಡಿದ್ದು ನೀವೇ!" ಎಂದು ಅರಚಿದೆ.

ಅವರು ರಿಸೀವರನ್ನು ಕಿವಿಯಿಂದ ಇಳಿಸಿದರು. "ನಾನಾ? ಒಂದೇ ತಂತಿ ಅಂತ ನೀನೂ ಹೇಳಿದ್ಯಲ್ಲಪ್ಪಾ. ಇದನ್ನ ಎತ್ತಿದ್ರೆ ಮೊಮ್ಮಗಳ ದನಿ ಕೇಳುತ್ತೆ ಅನ್ಕೊಂಡೆ. ಬರೀ ಕರಕರ ಅನ್ನುತ್ತೆ."

"ಹಜಾರದಲ್ಲೇ ಕೂತು ಕೇಳೋಕೇನಾಗಿತ್ತು?"

"ಯಾವ ಮುಖ ಇಟ್ಕೊಂಡು? ಗಂಡನ್ನ ಬಿಟ್ಟು ಬರ್ತೀನಿ ಅಂದಾಗ, ಮಗೂನ ಮಾತ್ರ ಈ ಮನೆಗೆ ತರಬೇಡ ಅಂದವನು ನಾನೇ."

ಅಷ್ಟು ಹೇಳಿ ಅವರೇ ಫೋನಿನ ತಂತಿಯನ್ನು ಕಿತ್ತರು.

ದೀಪ ಮಿಟುಕತೊಡಗಿತು. ಒಂದು ನಿಮಿಷವಾಯಿತು, ಎರಡಾಯಿತು. ಮಗಳು "ಬಾರೋ, ಬಾರೋ" ಎಂದು ಮೋಡೆಮ್ಮಿಗೆ ಗೋಗರೆಯುತ್ತಿದ್ದಳು. ಕೊನೆಗೂ ಮಿಟುಕದೆ ನಿಂತಿತು. ನ್ಯಾಯಾಧೀಶರು ಇನ್ನೂ ಇದ್ದರು, ಮುಖ ಗಂಟು ಹಾಕಿಕೊಂಡು.

"ಅಮ್ಮನ ಹತ್ರ ಹೋಗೋಕೆ ಇಷ್ಟಾನಾ ಮರಿ?" ಎಂದು ಮಗುವನ್ನು ಕೇಳಿದರು.

"ಇಷ್ಟ," ಎಂದಿತು ಮಗು. "ಆದ್ರೆ ಅಲ್ಲಿ ಅಜ್ಜ ಇದಾರಲ್ಲ. ಅಜ್ಜಂಗೆ ನಾನು ಬೇಡ."

"ಇದು ನಿಜವೇನಮ್ಮಾ?"

ಅವಳು ತಲೆ ತಗ್ಗಿಸಿದಳು. ಅಷ್ಟರಲ್ಲಿ ಮೇಷ್ಟ್ರು ಹಜಾರಕ್ಕೆ ಬಂದರು. ಕೈಯಲ್ಲಿ ಆ ಫೋನು ಹಾಗೆಯೇ ಇತ್ತು. ಮಗಳು ಅವರನ್ನೂ ನೋಡಿದಳು, ಫೋನನ್ನೂ ನೋಡಿದಳು. ಆಮೇಲೆ ಕುರ್ಚಿ ಸರಿಸಿ ಜಾಗ ಮಾಡಿದಳು.

"ನಿಜ ಸ್ವಾಮಿ, ಹಾಗಂದಿದ್ದೆ. ನನ್ನ ಬಾಯಿಗಿಷ್ಟು ಮಣ್ಣು ಹಾಕ," ಎಂದರು ಮೇಷ್ಟ್ರು.

ಮಗು ಪರದೆಯ ಹತ್ತಿರ ಬಂತು. "ಅಜ್ಜಾ, ಈಗ ಬೇಕಾ?"

ಮೇಷ್ಟ್ರ ಬಾಯಿ ತೆರೆಯಿತು, ದನಿ ಬರಲಿಲ್ಲ. ಮುಖ ಅಲ್ಲಾಡದೆ ಹಾಗೇ ನಿಂತುಬಿಟ್ಟರು.

"ಕಟ್ಟಾಯ್ತು ಅನ್ಸುತ್ತೆ," ಎಂದು ಮಗು ಸಪ್ಪಗೆ ಹೇಳಿ ತಿರುಗಿತು.

"ಇಲ್ಲ! ಕಟ್ಟಾಗಿಲ್ಲ!" ಎಂದು ಕೋರ್ಟೆಂಬುದನ್ನೂ ಮರೆತು ಕೂಗಿಬಿಟ್ಟೆ. "ಮಾತಾಡ್ರೀ ಮೇಷ್ಟ್ರೇ!"

"ಬೇಕು ಕಂದಾ," ಎಂದರು. ಇನ್ನೊಮ್ಮೆ ಅಂದರು. ಆಮೇಲೆ ಅಳು ತಡೆಯದೆ ಅದನ್ನೇ ಹೇಳುತ್ತಾ ಹೋದರು. ನ್ಯಾಯಾಧೀಶರು ಅವರನ್ನು ನಿಲ್ಲಿಸಲಿಲ್ಲ. ಮುಗಿಯುವವರೆಗೆ ಕಾದು, ಶನಿವಾರ ಮಗುವನ್ನು ತಾಯಿಯ ಮನೆಗೆ ಕರೆತಂದು ಬಿಡಬೇಕೆಂದು ಆದೇಶ ಬರೆಸಿದರು.