ಧಣಿಯ ದೋಣಿಯ ತಳ

ದೋಣಿ ರಿಪೇರಿ ಯಾರ್ಡಿನಲ್ಲಿ ನನ್ನದು ಬಣ್ಣ ಬಳಿಯುವ ಕೆಲಸ. ದೋಣಿಯನ್ನು ನೀರಿನಿಂದ ಮೇಲಕ್ಕೆ ಎಳೆದು, ತಳದ ಹಳೇ ಬಣ್ಣ ಕೆರೆದು, ಹೊಸದಾಗಿ ವಿಷದ ಬಣ್ಣ ಬಳಿಯಬೇಕು. ವಿಷ ಯಾಕೆಂದರೆ, ಸುಮ್ಮನೆ ಬಿಟ್ಟರೆ ತಳದ ತುಂಬ ಬಿಳಿ ಚಿಪ್ಪಿನ ಹುಳುಗಳು ಕಚ್ಚಿಕೊಂಡು ಬೆಳೆಯುತ್ತವೆ. ಒಂದೊಂದೂ ಉಗುರಿನಷ್ಟು, ಆದರೆ ಸಾವಿರಗಟ್ಟಲೆ ಕೂತರೆ ಎಂಥ ಇಂಜಿನ್ನೂ ಉಸ್ಸಪ್ಪಾ ಅನ್ನಬೇಕು.

ಕೆರೆದು ತೆಗೆದ ಪುಡಿಯಲ್ಲೂ ವಿಷ ಇರುತ್ತದೆ. ಅದನ್ನು ಗುಂಡಿಯಲ್ಲಿ ಕೂಡಿಹಾಕಿ ಲಾರಿಯಲ್ಲಿ ಸಾಗಿಸಬೇಕು ಅಂತ ನಿಯಮ. ನಮ್ಮ ಧಣಿ ಏನು ಮಾಡಿದ? ಗುಂಡಿಯನ್ನು ಸಿಮೆಂಟು ಹಾಕಿಸಿ ಮುಚ್ಚಿ, ಅದರ ಮೇಲೆ ತನ್ನ ಕಾರು ನಿಲ್ಲಿಸಿದ. ಚರಂಡಿಯನ್ನು ನೇರವಾಗಿ ಹಿನ್ನೀರಿಗೆ ತಿರುಗಿಸಿದ. "ಕಡಲು ಎಷ್ಟು ದೊಡ್ಡದಿದೆ, ನಮ್ಮದೊಂದು ಹಿಡಿ ಪುಡಿ ಯಾವ ಲೆಕ್ಕ?" ಅಂದ. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಮಾತಾಡುತ್ತಾನೆ ಮಹರಾಯ. ಬೆನ್ನ ಹಿಂದೆ ಎಲ್ಲರೂ ಅವನನ್ನು ಸಕ್ಕರೆಬಾಯಿ ಅನ್ನುವುದು ಅದಕ್ಕೇ.

ಯಾರ್ಡಿನಿಂದ ಕೂಗಳತೆ ದೂರದಲ್ಲಿ ನನ್ನ ಅಕ್ಕನ ಚಿಪ್ಪು ಸಾಕಣೆ. ಅಂದರೆ ತಿನ್ನುವ ಚಿಪ್ಪು. ನೀರಿನ ಮೇಲೆ ಮರದ ತೆಪ್ಪಗಳು, ತೆಪ್ಪಗಳಿಂದ ಇಳಿಬಿಟ್ಟ ಹಗ್ಗಗಳು. ಮರಿಗಳನ್ನು ಎಲ್ಲಿಂದಲೋ ತರಬೇಕಾಗಿಲ್ಲ. ಕಣ್ಣಿಗೆ ಕಾಣದಷ್ಟು ಸಣ್ಣವು ನೀರಿನಲ್ಲಿ ತೇಲಿ ಬಂದು ತಾವಾಗಿಯೇ ಹಗ್ಗಕ್ಕೆ ಅಂಟಿಕೊಳ್ಳುತ್ತವೆ. ಅಮ್ಮ ತೀರಿಕೊಂಡ ಮೇಲೆ ನನ್ನನ್ನು ಸಾಕಿ ದೊಡ್ಡವಳನ್ನಾಗಿ ಮಾಡಿದ್ದು ಅಕ್ಕ, ಅಕ್ಕನನ್ನು ಸಾಕಿದ್ದು ಆ ಹಗ್ಗಗಳು. ಗುಂಡಿ ಮುಚ್ಚಿದ ವರ್ಷ ಚಿಪ್ಪುಗಳೆಲ್ಲ ಬಾಯಿ ತೆರೆದುಕೊಂಡು ಸತ್ತವು. ಮರುವರ್ಷ ಒಂದು ಮರಿಯೂ ಬರಲಿಲ್ಲ. ಭಾವ ಮೀನು ಮಾರುಕಟ್ಟೆಯಲ್ಲಿ ಮೂಟೆ ಹೊರಲು ಹೋದರು. ಅಕ್ಕ ಮಾತ್ರ, "ಮುಂದಿನ ಸಲ ಬರ್ತವೆ ಬಿಡು," ಅಂದುಕೊಂಡು ಬರೀ ಹಗ್ಗ ಇಳಿಬಿಡುತ್ತಲೇ ಇದ್ದಳು.

ಅಕ್ಕನಿಗೆ ಸಿಟ್ಟು ಅನ್ನುವುದೇ ಇಲ್ಲ. ಯಾರಾದರೂ ಅವಳ ಕಾಲು ತುಳಿದರೆ, "ನಿಮಗೆ ನೋವಾಯ್ತಾ?" ಅಂತ ಅವರನ್ನೇ ವಿಚಾರಿಸುವ ಪೈಕಿ. ದೂರು ಕೊಡು ಅಂತ ನಾನು ಬಡಕೊಂಡೆ. "ಬಿಡೇ, ಅವ್ರೂ ಹೆಂಡ್ತಿ ಮಕ್ಕಳಿರೋರು," ಅಂದಳು. ಕೊನೆಗೆ ನನ್ನ ಕಾಟ ತಡೆಯಲಾರದೆ ಒಂದು ದಿನ ಯಾರ್ಡಿಗೆ ಬಂದು, ಸೆರಗು ಹಿಡಿದುಕೊಂಡು, ಚರಂಡಿ ಸ್ವಲ್ಪ ಬೇರೆ ಕಡೆ ತಿರುಗಿಸ್ತೀರಾ ಅಂತ ಧಣಿಯನ್ನು ಕೇಳಿದಳು. ನಾವೆಲ್ಲ ಚಹಾ ಕುಡಿಯುತ್ತ ನಿಂತಿದ್ದೆವು.

"ತಾಯೀ, ನಿಮ್ಮ ಹಗ್ಗ ಕೊಳಕಾಗಿರಬೇಕು, ಚೆನ್ನಾಗಿ ತೊಳೀರಿ," ಅಂದ ಸಕ್ಕರೆಬಾಯಿ. "ಅದೂ ಆಗ್ಲಿಲ್ಲ ಅಂದ್ರೆ ಬೇಜಾರು ಮಾಡ್ಕೋಬೇಡಿ. ನಮ್ಮ ಆಫೀಸು ಗುಡಿಸೋ ಕೆಲಸ ಖಾಲಿ ಇದೆ."

ಸುತ್ತ ನಿಂತವರು ಕಿಸಕ್ಕನೆ ನಕ್ಕರು. ಅಕ್ಕನೂ ನಕ್ಕಳು. ಮನೆಗೆ ಹೋಗಿ ನಿಜವಾಗಲೂ ಹಗ್ಗ ತೊಳೆದಳಂತೆ, ಭಾವ ಹೇಳಿದರು. ನನಗೆ ಅಂಗಾಲಿನಿಂದ ನೆತ್ತಿಯವರೆಗೆ ಉರಿಯಿತು. ನಿನ್ನ ನೀರಿಳಿಸದಿದ್ದರೆ ನಾನು ನನ್ನ ಅಕ್ಕನ ತಂಗಿಯೇ ಅಲ್ಲ ಕಣೋ ಅಂತ ಮನಸ್ಸಿನಲ್ಲೇ ಹೇಳಿಕೊಂಡೆ.

ಆಗ ಅವನು ದ್ವೀಪಕ್ಕೆ ಜನ ಸಾಗಿಸಲು ಹೊಸ ದೋಣಿ ಕಟ್ಟಿಸುತ್ತಿದ್ದ. ತಳಕ್ಕೆ ಬಣ್ಣ ಬಳಿಯುವ ಕೆಲಸ ನನ್ನದೇ. ವಿಷದ ಬಣ್ಣವೂ ಕೆಂಪು, ಕಬ್ಬಿಣದ ಗೇಟಿಗೆ ಬಳಿಯುವ ಬಣ್ಣವೂ ಕೆಂಪು. ವಿಷದ ಡಬ್ಬಗಳನ್ನು ಮುಚ್ಚಳ ಕೂಡ ತೆಗೆಯದೆ ಉಗ್ರಾಣದಲ್ಲಿ ಹಳೇ ಟಾರ್ಪಾಲಿನ ಕೆಳಗೆ ತಳ್ಳಿ, ಗೇಟಿನ ಬಣ್ಣವನ್ನೇ ಎರಡು ಕೈ ಬಳಿದೆ. ಜೀವಮಾನದಲ್ಲಿ ಅಷ್ಟು ಪ್ರೀತಿಯಿಂದ ಯಾವ ದೋಣಿಗೂ ಬಣ್ಣ ಬಳಿದವಳಲ್ಲ ನಾನು.

ಇಂಜಿನ್ನಿನ ಯಾವುದೋ ಭಾಗ ಬರುವುದು ತಡವಾಗಿ ದೋಣಿ ನಾಲ್ಕು ತಿಂಗಳು ಯಾರ್ಡಿನ ಮುಂದೆಯೇ ನೀರಿನಲ್ಲಿ ನಿಂತಿತ್ತು. ನನಗೆ ಇನ್ನೇನು ಬೇಕು! ದಿನಾ ಕೆಲಸಕ್ಕೆ ಬಂದವಳೇ ದೋಣಿ ನಿಲ್ಲಿಸುವ ದಕ್ಕೆಯ ಅಂಚಿಗೆ ಹೋಗಿ ರಾಡಿ ನೀರಿನತ್ತ ಇಣುಕುತ್ತಿದ್ದೆ. ಬನ್ರಪ್ಪಾ, ಬನ್ರಮ್ಮಾ, ಬಂಧುಬಳಗ ಎಲ್ಲ ಕರಕೊಂಡು ಬನ್ನಿ, ಗಟ್ಟಿಯಾಗಿ ಕಚ್ಚಿ ಹಿಡೀರಿ ಅಂತ ಕರೆಯುತ್ತಿದ್ದೆ. ಬಂದರು ಇಲಾಖೆಯವರ ಮುಂದೆ ಅವನ ದೋಣಿ ತುಂಬಿದ ಬಸುರಿಯ ಹಾಗೆ ತೆವಳುವುದನ್ನು, ತಳ ನೋಡಿ ಅವನ ಮುಖ ಕಪ್ಪಿಡುವುದನ್ನು ನೆನೆಸಿಕೊಂಡೇ ನನಗೆ ಊಟ ರುಚಿಸುತ್ತಿತ್ತು.

ಪರ್ಮಿಟ್ ತಪಾಸಣೆಯ ದಿನ ಇಲಾಖೆಯ ಇನ್ಸ್‌ಪೆಕ್ಟರಮ್ಮ ಬಂದರು. ಮೊದಲು ತಳ ನೋಡಬೇಕು ಅಂದರು. ರಾಟೆ ತಿರುಗಿತು, ಹಳಿಯ ಮೇಲಿನ ಗಾಡಿಯಲ್ಲಿ ದೋಣಿ ಮೆಲ್ಲಗೆ ಮೇಲೆ ಬಂತು. ನಾನು ಎಲ್ಲರಿಗಿಂತ ಮುಂದೆ, ಮದುವೆ ಮನೆಯವಳ ಹಾಗೆ ನಿಂತಿದ್ದೆ.

ತಳ ಬೋಳಾಗಿತ್ತು. ಒಂದಿಷ್ಟು ಲೋಳೆ ಬಿಟ್ಟರೆ ಏನೂ ಇರಲಿಲ್ಲ. ಇಡೀ ತಳದಲ್ಲಿ ಹುಡುಕಿದರೂ ಒಂದೇ ಒಂದು ಚಿಪ್ಪಿಲ್ಲ.

"ನೋಡಿ ಮೇಡಂ, ನಾಲ್ಕು ತಿಂಗಳು ನೀರಲ್ಲಿತ್ತು, ಮಗು ಕೆನ್ನೆ ಥರ ಇದೆ," ಅಂದ ಧಣಿ. ನನ್ನ ಕಡೆ ತಿರುಗಿ, "ಎಲ್ಲಾ ನಮ್ಮ ಪೇಂಟರಮ್ಮನ ಕೈಗುಣ," ಅಂತ ನನ್ನ ಬೆನ್ನು ತಟ್ಟಿದ.

ಯಾರೋ ತಿಳಿದು ಮತ್ತೆ ಬಳಿದರೇನೋ ಅಂತ ಹೋಗಿ ಕೈಯಾಡಿಸಿ ನೋಡಿದೆ. ಕುಂಚದ ಗುರುತು ನನ್ನದೇ, ಬಣ್ಣವೂ ಗೇಟಿನದೇ. ಹಾಗಾದರೆ ಯಾಕೆ ಒಂದೂ ಬರಲಿಲ್ಲ? ಲೋಳೆ ಮೆತ್ತಿದ ಕೈ ಹಾಗೇ ಹಿಡಿದುಕೊಂಡು ನಿಂತವಳಿಗೆ ಆಗ ಹೊಳೆಯಿತು. ಬರುವುದಕ್ಕೆ ನೀರಿನಲ್ಲಿ ಏನಾದರೂ ಉಳಿದಿದ್ದರೆ ತಾನೇ! ಇವನ ಮೇಲೆ ಸೇಡು ತೀರಿಸಿಕೊಳ್ಳುವುದಕ್ಕೂ ಒಂದು ಹುಳುವನ್ನೂ ಜೀವಂತ ಬಿಟ್ಟಿರಲಿಲ್ಲ ಈ ಪುಣ್ಯಾತ್ಮ.

ನನ್ನ ಬೆನ್ನ ಮೇಲೆ ಅವನ ಕೈ ಇನ್ನೂ ಇರುವ ಹಾಗೇ ಅನ್ನಿಸುತ್ತಿತ್ತು. ಬಾಯಿ ಮುಚ್ಚಿಕೊಂಡಿದ್ದರೆ ಕೆಲಸ ಉಳಿಯುತ್ತಿತ್ತು. ಹಾಳಾಗಿ ಹೋಗಲಿ ಕೆಲಸ.

"ಮೇಡಂ, ಈ ತಳಕ್ಕೆ ವಿಷದ ಬಣ್ಣ ಬಳಿದೇ ಇಲ್ಲ," ಅಂದೆ. "ನಾನೇ ಬಳಿದಿಲ್ಲ. ಇದು ಗೇಟಿನ ಬಣ್ಣ. ಈ ದೋಣಿ ಹಾಳಾಗ್ಲಿ ಅಂತ ಬೇಕು ಅಂತ್ಲೇ ಮಾಡಿದ್ದು."

ಧಣಿಯ ನಗು ಮುಖದಲ್ಲೇ ಅಂಟಿಕೊಂಡು ನಿಂತಿತು. "ಅವಳಿಗೆ ತಲೆ ಸರಿ ಇಲ್ಲ ಮೇಡಂ. ಬಳಿದಿಲ್ಲ ಅಂದ್ರೆ ಇಷ್ಟು ಹೊತ್ತಿಗೆ ತಳ ತುಂಬಾ ಚಿಪ್ಪು ಇರ್ಬೇಕಿತ್ತಲ್ಲ?"

"ಅದನ್ನೇ ನಾನೂ ಕೇಳ್ತಿರೋದು ಧಣಿ," ಅಂದೆ. "ಇರ್ಬೇಕಿತ್ತಲ್ಲ? ಎಲ್ಲಿ ಹೋದವು?"

ಇನ್ಸ್‌ಪೆಕ್ಟರಮ್ಮ ವಿಷದ ಡಬ್ಬ ಎಲ್ಲಿವೆ ಅಂತ ಕೇಳಿ ನನ್ನ ಜೊತೆ ಉಗ್ರಾಣಕ್ಕೆ ಬಂದು, ಟಾರ್ಪಾಲು ಎತ್ತಿ, ಸೀಲು ಒಡೆಯದ ಡಬ್ಬಗಳನ್ನು ನೋಡಿದರು. ತಳದ ಬಣ್ಣವನ್ನು ಚಾಕುವಿನಿಂದ ಕೆರೆದು ಪೊಟ್ಟಣ ಕಟ್ಟಿಕೊಂಡರು. ಆಮೇಲೆ, "ಗುಂಡಿ ಎಲ್ಲಿದೆ?" ಅಂತ ಧಣಿಯನ್ನು ಕೇಳಿದರು. ಅವನು ಉತ್ತರ ಹುಡುಕುವಷ್ಟರಲ್ಲಿ ನಾನು ಅವನ ಕಾರಿನತ್ತ ಕೈ ತೋರಿಸಿದೆ. ಕಾರು ತೆಗೆಸಿದರು, ಸಿಮೆಂಟು ಒಡೆಸುವುದಕ್ಕೆ ಹೇಳಿದರು. ಚರಂಡಿಯ ಬಾಯಿಯ ಕೆಸರನ್ನು ಸೀಸೆಗೆ ತುಂಬಿಸಿಕೊಂಡರು. ವರದಿ ಬರುವವರೆಗೆ ಯಾರ್ಡ್ ಮುಚ್ಚಿರಬೇಕು ಅಂತ ಅಲ್ಲೇ ಆದೇಶ ಮಾಡಿದರು. ಸಕ್ಕರೆಬಾಯಿಯ ಬಾಯಿಂದ ಆಮೇಲೆ ಬಂದ ಮಾತುಗಳನ್ನು ಕೇಳಬೇಕಿತ್ತು ನೀವು, ಕಿವಿ ತೊಳೆದುಕೊಳ್ಳಬೇಕು ಅಂಥವು. "ಇನ್ನು ಈ ಕಡೆ ತಲೆ ಹಾಕಿದ್ರೆ ಕಾಲು ಮುರೀತೀನಿ," ಅಂದ. ನಾನು ಕುಂಚ ಅವನ ಕಾಲ ಬಳಿ ಎಸೆದು ಬಂದೆ.

ದಾರಿಯುದ್ದಕ್ಕೂ ಒಬ್ಬಳೇ ನಗುತ್ತಿದ್ದೆ. ಹೊಟ್ಟೆ ತಣ್ಣಗಾಗಿತ್ತು. ಅಕ್ಕ ಮನೆಯ ಹಿಂದಿನ ಶೆಡ್ಡಿನಲ್ಲಿ ಕೂತು, ಈ ಸಲದ ಮರಿಗಳಿಗಾಗಿ ಹೊಸ ಹಗ್ಗಗಳಿಗೆ ಗಂಟು ಹಾಕುತ್ತಿದ್ದಳು. ಮಧ್ಯಾಹ್ನದ ಊಟಕ್ಕೆ ಬಂದಿದ್ದ ಭಾವ ಹೊಸ್ತಿಲ ಮೇಲೆ ಕೂತಿದ್ದರು. ಧಣಿ ಬೆನ್ನು ತಟ್ಟಿದ್ದು, ಅವನ ಮುಖ ಬಾಡಿದ್ದು, ಕಾರು ತಳ್ಳಿಸಿದ್ದು ಎಲ್ಲವನ್ನೂ ಅಭಿನಯ ಮಾಡಿಯೇ ತೋರಿಸಿದೆ. ಭಾವ ಬಿದ್ದು ಬಿದ್ದು ನಕ್ಕರು.

ಅಕ್ಕ ನಗಲಿಲ್ಲ. "ನಾಲ್ಕು ತಿಂಗಳು ನೀರಲ್ಲಿತ್ತಾ?" ಅಂತ ಕೇಳಿದಳು.

"ಹೂಂ."

"ವಿಷ ಬಳಿದಿರ್ಲಿಲ್ವಾ?"

"ಒಂದು ತೊಟ್ಟೂ ಇಲ್ಲ."

"ಆದ್ರೂ ಒಂದೂ ಬಂದು ಕೂತಿರ್ಲಿಲ್ವಾ?"

"ಒಂದೂ ಇಲ್ಲ ಅಕ್ಕಾ!" ಅಂತ ಜಂಬದಿಂದ ಹೇಳಿಬಿಟ್ಟೆ. ಹೇಳಿದ ಮೇಲೆ ನನ್ನ ಮಾತು ನನಗೇ ಕೇಳಿಸಿತು.

ಅಕ್ಕ ಅರ್ಧ ಹಾಕಿದ್ದ ಗಂಟನ್ನು ಬಿಚ್ಚಿ ಹಗ್ಗವನ್ನು ಪಕ್ಕಕ್ಕಿಟ್ಟಳು. ಶೆಡ್ಡಿನ ತುಂಬ ಸುರುಳಿ ಸುತ್ತಿಟ್ಟಿದ್ದ ಹಗ್ಗಗಳನ್ನು ಒಂದೊಂದಾಗಿ ನೋಡಿದಳು. ಭಾವನ ನಗು ನಿಂತಿತು. ಅವಳ ಪಕ್ಕ ಹೋಗಿ ಕೂತು ಕೈ ಹಿಡಿದುಕೊಂಡೆ.

"ಅವನಿಗೆ ಏನು ಮಾಡ್ತಾರಂತೆ?" ಅಂತ ಕೇಳಿದಳು.

"ಯಾರ್ಡ್ ಮುಚ್ಚಿಸ್ತಾರೆ. ದಂಡ ಹಾಕ್ತಾರೆ. ಆ ದೋಣಿಗೆ ಪರ್ಮಿಟ್ ಸಿಗಲ್ಲ."

ಅಕ್ಕ ನನ್ನ ಕೈ ಬಿಡಿಸಿಕೊಂಡಳು. ನನ್ನನ್ನು ಸಾಕಿದ ಅಷ್ಟೂ ವರ್ಷಗಳಲ್ಲಿ ನಾನು ಒಮ್ಮೆಯೂ ಕಂಡಿರದ ಕಣ್ಣಿನಿಂದ ನನ್ನನ್ನು ನೋಡಿದಳು.

"ಅಷ್ಟೇನಾ?" ಅಂದಳು.